ಸೊಸೆ ಹೇಳದ ಹೆಸರು

ಇಂಟರ್ನೆಟ್ ಕಚೇರಿಯ ಮುಖ್ಯಸ್ಥರಿಗೆ,

ಫೋನಿನಲ್ಲಿ ಆಗುವುದಿಲ್ಲ, ಬರೆದು ಕೊಡಿ ಎನ್ನುತ್ತೀರಿ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಕುರಿ ಕಾಯಲು ಹೋದವನ ಕೈಯಲ್ಲಿ ಪತ್ರ ಬರೆಸುತ್ತೀರಲ್ಲ, ನಿಮಗೆ ಬೇರೆ ಕೆಲಸವಿಲ್ಲವೇ?

ನನ್ನ ಸೊಸೆ ಬುರುಲಾಯ್ ನರ್ಸ್ ಪರೀಕ್ಷೆ ಕಟ್ಟಿದ್ದಾಳೆ. ಅದನ್ನು ಮನೆಯಿಂದಲೇ ಬರೆಯಲು ಕೊಂಡ ಟ್ಯಾಬ್ಲೆಟ್ಟಿಗೆ ಹಳೆಯ ರೂಟರ್ ಪೆಟ್ಟಿಗೆ ಒಗ್ಗಲಿಲ್ಲ. ನಿಮ್ಮವರು ಹೊಸದನ್ನು ಗೋಡೆಗೆ ಸಿಕ್ಕಿಸಿ, ಫೋನ್ ಮಾಡಿ ಚಾಲೂ ಮಾಡಿಸಿಕೊಳ್ಳಿ ಎಂದು ಹೋದರು.

ಫೋನ್ ಮಾಡಿ ನನ್ನ ಹೆಸರು ಹೇಳಿದೆ. ಪೆಟ್ಟಿಗೆಯ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರ ಓದಿ ಎಂದಳು ನಿಮ್ಮ ಹುಡುಗಿ. ನನಗೆ ಬಾರದು, ಸೊಸೆಗೆ ಕೊಟ್ಟೆ. ಫೋನ್ ಕೈ ಬದಲಾಯಿತೆಂದು ಸೊಸೆಯನ್ನೂ ಕೇಳಿದಳು:

“ಸಂಪರ್ಕ ಯಾರ ಹೆಸರಲ್ಲಿದೆ?”

“ನಮ್ಮ ಮಾವನವರ ಹೆಸರಲ್ಲಿ.”

“ಮಾವನಿಗೆ ಹೆಸರಿಲ್ವೇನಮ್ಮಾ?”

“ಇದೆ ಅಕ್ಕ. ನಾನು ಹೇಳಬಾರ್ದು.”

ನಿಮ್ಮ ಹುಡುಗಿ ಫೋನ್ ಇಟ್ಟುಬಿಟ್ಟಳು. ಮೂರು ಸಲವೂ ಹೀಗೇ. ಆ ಹುಡುಗಿಯೂ ಕಿರ್ಗಿಜ್ ಮನೆಯವಳೇ ತಾನೆ? ಸೊಸೆಯಾದವಳು ಮಾವನ ಹೆಸರೆತ್ತುವುದಿಲ್ಲವೆಂದು ತಾಯಿ ಕಲಿಸಲಿಲ್ಲವೇ?

ಕೊನೆಗೆ ನಾನೇ, “ಹೇಳಿಬಿಡು ಮಗಳೇ, ನಾನು ಕುರಿದೊಡ್ಡಿಗೆ ಹೋಗಿರ್ತೀನಿ” ಎಂದೆ. ಹೋಗಿ ಚಳಿಯಲ್ಲಿ ನಿಂತೆ. ಬಂದು ನೋಡಿದರೆ ಫೋನ್ ಹಿಡಿದು ಅಳುತ್ತ ಕೂತಿದ್ದಾಳೆ. ಹನ್ನೊಂದು ವರ್ಷ ಆಡದ ಹೆಸರು ಒಂದು ಪೆಟ್ಟಿಗೆಗಾಗಿ ಬಾಯಿಗೆ ಬರುತ್ತದೆಯೇ? ನನ್ನ ಮಗ ತೀರಿಕೊಂಡ ಮೇಲೂ ಈ ಮನೆಯ ಮರ್ಯಾದೆ ಬಿಟ್ಟವಳಲ್ಲ.

ಸಂಪರ್ಕವನ್ನು ಅವಳ ಹೆಸರಿಗೆ ಬರೆದುಬಿಡಿ. ಬುರುಲಾಯ್ ಎನ್ನಲು ಈ ಮನೆಯಲ್ಲಿ ಯಾರಿಗೂ ಅಡ್ಡಿಯಿಲ್ಲ.

ಪರೀಕ್ಷೆ ಇಪ್ಪತ್ತನೇ ತಾರೀಕು. ಹದಿನೈದರೊಳಗೆ ನಿಮ್ಮ ಉತ್ತರ ಬರಬೇಕು.

ತೊಕ್ತೊಸುನ್,
ಅತ್-ಬಾಶಿ