ಫೆಬ್ರವರಿಯಲ್ಲಿ ಕಲ್ಲಿದ್ದಲು ಕೇಳಿದ್ದು

ಗನಿಸನ್, ಕೊಲರಾಡೋ
೧೧ ಫೆಬ್ರವರಿ ೧೯೮೬

ಪ್ರೀತಿಯ ತಮ್ಮ ಲೋಯ್ಜೆ,

ನಿನ್ನ ಕೆಮ್ಮು ಹೇಗಿದೆ? ನೆವಾಡಾದ ಗಣಿಯ ಧೂಳೇನೂ ನಮ್ಮೂರ ಧೂಳಿಗಿಂತ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ನಾನು ಇದ್ದೇನೆ, ಸುಸ್ತಾಗಿದ್ದೇನೆ ಅಷ್ಟೆ. ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಹಿಮ ಕರಗುವವರೆಗೆ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅವಳದೋ ಒಂದೇ ಹಟ: "ಬೆಟ್ಟದ ಮೇಲೆ ನಮ್ಮೂರಲ್ಲಿ, ನಿಮ್ಮಪ್ಪನ ಪಕ್ಕದಲ್ಲೇ ನನ್ನ ಮಲಗಿಸ್ಬೇಕು. ನೆಲ ಮೆತ್ತಗಾಗೋ ತನಕ ಶವಾಗಾರದಲ್ಲಿ ಕಾಯಿಸ್ಬೇಡ ಕಣೇ."

ಚಳಿಗಾಲದಲ್ಲಿ ಸತ್ತ ನಮ್ಮವರಿಗೆ ಗುಂಡಿ ಹೇಗೆ ತೋಡುತ್ತಾರೆಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪನಿಗೆ ನೀನೇ ತಾನೇ ಕಲ್ಲಿದ್ದಲು ಉರಿಸಿ, ಮೇಲೆ ತಗಡು ಮುಚ್ಚಿ, ಹೆಪ್ಪುಗಟ್ಟಿ ಕಲ್ಲಾಗಿದ್ದ ನೆಲವನ್ನು ಸಡಿಲ ಮಾಡಿದ್ದು! ಅದಕ್ಕೇ ಹೋದ ಗುರುವಾರ ಕಲ್ಲಿದ್ದಲು ತರೋಣವೆಂದು ಬಸ್ಸು ಹತ್ತಿ ಊರಿಗೆ ಹೋದೆ. ಗಣಿ ಕಂಪನಿಯ ಹಳೇ ದಿನಸಿ ಅಂಗಡಿಯಲ್ಲಿ ಈಗ ಹಿಮದಲ್ಲಿ ಜಾರುವ ಸ್ಕೀ ಬಾಡಿಗೆಗೆ ಕೊಡುತ್ತಾರೆ. ಅಪ್ಪ ಇಳಿಯುತ್ತಿದ್ದ ಗಣಿಯ ಬಾಯಿಗೆ ಹೊಟೇಲಿನವರು ಬಣ್ಣದ ದೀಪ ಕಟ್ಟಿದ್ದಾರೆ. ಕಲ್ಲಿದ್ದಲು ಎಲ್ಲಿ ಸಿಗುತ್ತದೆಂದು ಅಂಗಡಿಯ ಹುಡುಗಿಯನ್ನು ಕೇಳಿದರೆ, "ಮಾಂಸ ಸುಡೋದಕ್ಕಾ ಅಜ್ಜಿ?" ಎಂದು ಒಂದು ಪೊಟ್ಟಣ ಇದ್ದಿಲು ತಂದಿಟ್ಟಳು. ತಲೆತಲಾಂತರ ಕಲ್ಲಿದ್ದಲು ಅಗೆದ ಊರು ಕಣೋ ಅದು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ಮತೀಯಾ ಮಾವನ ಮನೆಗೆ ಹೋದೆ. ಅಪ್ಪನ ಜೊತೆ ಗಣಿಗೆ ಇಳಿಯುತ್ತಿದ್ದವರಲ್ಲಿ ಅಲ್ಲಿ ಉಳಿದವರು ಅವರೊಬ್ಬರೇ. ಹಿತ್ತಲಿನ ಕೊಟ್ಟಿಗೆ ತೆಗೆದು ತೋರಿಸಿದರು, ಮೂಲೆಯಲ್ಲಿ ಕಲ್ಲಿದ್ದಲ ರಾಶಿ. "ನನ್ನ ಗುಂಡಿಗೆ ಅಂತ ಇಟ್ಕೊಂಡಿದ್ದೆ ಕಣೇ ತೊಂಚ್ಕಾ. ನೀನೇ ತಗೋ. ನಾನು ಬೇಸಿಗೇಲಿ ಸಾಯ್ತೀನಿ ಬಿಡು" ಎಂದು ನನ್ನನ್ನು ತಬ್ಬಿಕೊಂಡು ಅತ್ತರು. ವಯಸ್ಸಾಯಿತು, ಪಾಪ, ಅಂದುಕೊಂಡೆ. ನನ್ನ ಮಂದ ಬುದ್ಧಿಗೆ ಹೊಳೆಯಬೇಡವೇ! ಮನೆಯಲ್ಲಿ ಗ್ಯಾಸ್ ಒಲೆ ಇರುವವಳು ಫೆಬ್ರವರಿಯಲ್ಲಿ ಕಲ್ಲಿದ್ದಲು ಕೇಳಿದರೆ ನಮ್ಮವರು ಏನೆಂದು ತಿಳಿಯುತ್ತಾರೆ?

ಸಂಜೆಗೆ ಇಲ್ಲಿ ನೆಲೆಸಿರುವ ನಮ್ಮ ಹಳಬರೆಲ್ಲ ಕಪ್ಪು ಬಟ್ಟೆ ತೊಟ್ಟು, ಅಕ್ರೋಟು ತುಂಬಿದ ಸುರುಳಿ ರೊಟ್ಟಿ ಹಿಡಿದು ನಮ್ಮ ಬಾಗಿಲಲ್ಲಿ! ಅಮ್ಮ ದಿಂಬಿಗೆ ಒರಗಿಕೊಂಡು, "ಯಾರ್ ಹೋಗ್ಬಿಟ್ರು?" ಎಂದಳು. ಆಮೇಲೆ ಸತ್ತವಳು ತಾನೇ ಎಂದು ಗೊತ್ತಾಗಿ ಕೆಮ್ಮು ಬರುವಷ್ಟು ನಕ್ಕಳು. ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಾ, "ನನ್ನ ಸಾವಿನೂಟ ನಾನೇ ಉಂಡೆ, ಎಷ್ಟು ಜನಕ್ಕುಂಟು ಈ ಭಾಗ್ಯ!" ಎಂದಳು. ಬಂದವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ, ಆಮೇಲೆ ಮೆಲ್ಲಗೆ ಕೇಳಿದಳು: "ಲೋಯ್ಜೆಗೆ ಯಾರೂ ಹೇಳ್ಲಿಲ್ವಾ?" ನಾನು ಅಡುಗೆಮನೆಗೆ ಎದ್ದು ಹೋದೆ.

ಗಣಿ ಮುಚ್ಚಿದ ಮೇಲೆ ಅಮ್ಮ ಹೊಟೇಲಿನ ಹೊದಿಕೆ ಒಗೆಯಲು ಹೋದಳೆಂದು ನೀನು, "ನಮ್ಮೂರನ್ನೇ ನುಂಗಿದೋರ ಹಾಸಿಗೆ ಒಗೀತೀಯಾ? ನನ್ನ ಪಾಲಿಗೆ ನೀನು ಸತ್ತೆ" ಎಂದು ಹೊರಟವನು. ಒಗೆದು ಒಗೆದು ಅವಳ ಬೆರಳು ಸೊಟ್ಟಗಾದವು. ನಿನ್ನನ್ನು ಒಂದು ದಿನವೂ ಬೈದವಳಲ್ಲ. ನಿಮ್ಮಿಬ್ಬರ ನಡುವೆ ನಿಂತು ನಿಂತು ನನಗೂ ಸಾಕಾಗಿದೆ ಕಣೋ.

ನಿನ್ನ ಹೆಂಡತಿಗೂ ಮಗಳಿಗೂ ನನ್ನ ಮುತ್ತುಗಳು. ಅಮ್ಮ ನಿಮ್ಮೆಲ್ಲರ ಹೆಸರು ಹೇಳಿಯೇ ಜಪಮಣಿ ಎಣಿಸುತ್ತಾಳೆ.

ನಿನ್ನ ಅಕ್ಕ,
ತೊಂಚ್ಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಅವತ್ತು ಮತೀಯಾ ಮಾವ ನಿನಗೂ ಫೋನ್ ಮಾಡಿದ್ದರಂತೆ. ನೀನು ಗಳಗಳನೆ ಅತ್ತು, "ಗುಂಡಿ ತೋಡೋ ನೆಲಕ್ಕೆ ಬೆಂಕಿ ನಾನೇ ಹಾಕ್ತೀನಿ, ಯಾರೂ ಮುಟ್ಬೇಡಿ" ಎಂದು ಹೊರಟೇ ಬಿಟ್ಟಿದ್ದೆಯಂತೆ. ಅರ್ಧ ದಾರಿಯಿಂದ ಮಾವನಿಗೆ ಫೋನ್ ಮಾಡಿದಾಗ ಅಮ್ಮ ಬದುಕಿದ್ದಾಳೆಂದು ತಿಳಿದು ಗಾಡಿ ತಿರುಗಿಸಿದೆಯಂತೆ. ಇದನ್ನು ಅಮ್ಮನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಬೆಂಕಿ ಹಾಕುವುದಕ್ಕೆ ನಾನಿದ್ದೇನೆ ಲೋಯ್ಜೆ, ಅದಕ್ಕೆ ನೀನು ಬರಬೇಕಾಗಿಲ್ಲ. ಈಗ ಬಾ.