ಕೆಂಪು ಗಂಧೆಯ ಮೂರು ದಿನ

ಸೆರ್ರಾ ಬ್ರಾಂಕಾ, ಪರೈಬಾ
14 ಮಾರ್ಚ್ 2018

ಮಗಳೇ ಲಿಂಡಾಲ್ವಾ,

ನಿನಗೂ ನನ್ನ ಪುಟ್ಟ ಎಲೊವಾಳಿಗೂ ದೇವರು ಒಳ್ಳೆಯದು ಮಾಡಲಿ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯದ ತಪ್ಪನ್ನು ಕನ್ನಡಕದ ಮೇಲೆ ಹೊರಿಸೋಣವೆಂದುಕೊಂಡೆ, ಆದರೆ ಹಾಳಾದ್ದು ಚೆನ್ನಾಗಿಯೇ ಇದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಎಲ್ಲಿ ಬಿಡುತ್ತೀಯ?

ಇಲ್ಲಿ ಮಳೆ ಹಿಡಿದಿದೆ. ವರ್ಷಗಟ್ಟಲೆ ಬರೀ ಮರಳಾಗಿದ್ದ ಹೊಳೆಯಲ್ಲಿ ಮೊಣಕಾಲುದ್ದ ನೀರು. ಉಂಬು ಹಣ್ಣು ಈ ಸಲ ಎಷ್ಟು ಬಿಟ್ಟಿದೆಯೆಂದರೆ ಮೇಕೆಗಳೂ ಮುಖ ತಿರುಗಿಸುತ್ತಿವೆ.

ಎಲೊವಾ ಕೆಂಪು ಬಟ್ಟೆ ಆಡಿಸಿದತ್ತ ಕಣ್ಣು ಹೊರಳಿಸಿದಳು ಎಂದು ಬರೆದಿದ್ದೀಯಲ್ಲ, ಅದನ್ನು ಅಂಗಡಿಗೆ ಹೋದಾಗ ಎಲ್ಲರಿಗೂ ಹೇಳಿದೆ. ಎರಡು ವರ್ಷ ನಾಲ್ಕು ತಿಂಗಳಿಗೆ ಬೇರೆ ಮಕ್ಕಳು ಅಂಗಳವೆಲ್ಲ ಓಡುತ್ತವೆ, ನಿಜ. ಇವಳಿಗೆ ಕತ್ತು ನಿಲ್ಲಲೇ ಎರಡು ವರ್ಷ ಬೇಕಾಯಿತು. "ಬಟ್ಟೆ ನೋಡಿದ್ದಕ್ಕೇ ಇಷ್ಟು ಜಂಬಾನಾ, ಝುಲ್ಮೀರಕ್ಕಾ?" ಅಂದಳು ಅಂಗಡಿಯವಳು. "ನಿನ್ನ ಮೊಮ್ಮಗ ಮಿಠಾಯಿ ಡಬ್ಬಿ ಬಿಟ್ಟು ಬೇರೇನಾದ್ರೂ ನೋಡಿದ್ದಾನೇನೇ?" ಅಂದೆ. ಬಿದ್ದು ಬಿದ್ದು ನಕ್ಕಳು.

ಈಚೆಗೆ ಮಧ್ಯಾಹ್ನ ತೂಗುಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಎಲೊವಾ ಹೊಳೆಯಲ್ಲಿ ನಡೆದು ಬರುತ್ತಾಳೆ. ತಲೆ ಪುಟ್ಟದಾಗಿಯೇ ಇರುತ್ತದೆ. ಕನಸಿನಲ್ಲೂ ನಾನು ಅದನ್ನು ಬದಲಾಯಿಸುವುದಿಲ್ಲ, ಅವಳು ಅವಳೇ ಆಗಿರಬೇಕು. "ಅಜ್ಜೀ, ನೀರು ಬೆಚ್ಚಗಿದೆ, ಬಾರೇ" ಅಂತಾಳೆ. ಲಂಗ ಎತ್ತಿ ಹಿಡಿದು ಇಳಿಯುತ್ತೇನೆ. ನೀರಿಗೆ ಸದ್ದೇ ಇರುವುದಿಲ್ಲ. ಎಚ್ಚರವಾದ ಮೇಲೂ ಎಷ್ಟೋ ಹೊತ್ತು ಪಾದ ಬೆಚ್ಚಗಿರುತ್ತದೆ.

ಇನ್ನು ಆಸ್ಪತ್ರೆಯ ವಿಷಯ. ಬಸುರಿಯಾಗಿದ್ದಾಗ ಮೈಮೇಲೆ ಕೆಂಪು ಗಂಧೆ ಎದ್ದಿತ್ತಾ ಎಂದು ಡಾಕ್ಟರು ಮತ್ತೆ ಕೇಳಿದರು, ಇಲ್ಲ ಎಂದೆ ಎಂದು ಬರೆದಿದ್ದೀಯ. ಆ 'ಇಲ್ಲ'ದಿಂದಾಗಿ ಮಗುವಿನ ಹೆಸರು, ಆ ಸೊಳ್ಳೆ ಜ್ವರ ಝೀಕಾ ಹೊಟ್ಟೆಯಲ್ಲೇ ತಗುಲಿ ತಲೆ ಚಿಕ್ಕದಾದ ಮಕ್ಕಳ ಪಟ್ಟಿಗೆ ಸೇರುತ್ತಿಲ್ಲ. ಸೇರದಿದ್ದರೆ ವಾರಕ್ಕೆ ಮೂರು ದಿನದ ಫಿಸಿಯೋಥೆರಪಿ ಈ ತಿಂಗಳಿಗೆ ನಿಲ್ಲುತ್ತದೆ. ಆರೋಗ್ಯ ಕಾರ್ಯಕರ್ತೆ ಸಿಸೇರಾ ಇಲ್ಲಿಗೂ ಬಂದಿದ್ದಳು. "ಅಮ್ಮಾ, ಮಗಳ ಮೈಮೇಲೆ ಗಂಧೆ ಗಿಂಧೆ ಏನಾದ್ರೂ ನೋಡಿದ್ರಾ? ಸ್ವಲ್ಪ ಜ್ಞಾಪಿಸ್ಕೊಳ್ಳಿ" ಅಂದಳು. "ಮೊನ್ನೆ ಉಂಡಿದ್ದೇ ನೆನಪಿಲ್ಲ ತಾಯಿ" ಎಂದು ಕಾಫಿ ಕೊಟ್ಟೆ.

ಹೊರಡುವ ಮುಂಚೆ ಅವಳೂ ನನ್ನಿಂದ ಕತ್ತುನೋವಿಗೆ ಮಂತ್ರ ಹಾಕಿಸಿಕೊಂಡಳು. ಊರಿನವರು ಈಗಲೂ ಬರುತ್ತಾರೆ. ಮೂರು ಸೊಪ್ಪಿನ ಕಡ್ಡಿ ಹಿಡಿದು ಮಂತ್ರಿಸುತ್ತೇನೆ. ಸೊಪ್ಪು ಬಾಡಿದರೆ ರೋಗ ಅದಕ್ಕೆ ಇಳಿಯಿತೆಂದು ನಂಬಿ, ಉಪಕಾರವಾಯಿತು ಎಂದೂ ಹೇಳದೆ ಎದ್ದು ಹೋಗುತ್ತಾರೆ. ಹೇಳಿದರೆ ಮಂತ್ರ ಹಿಡಿಯುವುದಿಲ್ಲ, ನಿನಗೆ ಗೊತ್ತಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮಗುವಿಗೆ ಗಂಜಿ ಗಟ್ಟಿಯಾಗಿಯೇ ಕುಡಿಸು, ತೆಳುವಾದರೆ ಕೆಮ್ಮುತ್ತಾಳೆ. ಇಬ್ಬರೂ ನೂರು ಕಾಲ ಬಾಳಿ.

ನಿನ್ನ ಅಮ್ಮ,
ಝುಲ್ಮೀರಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಒಡೆದೆ. ನಾನು ಮರೆತಿಲ್ಲ, ನೀನೂ ಮರೆತಿಲ್ಲ. ಆಗ ನೀನು ಮೂರು ತಿಂಗಳ ಬಸುರಿ. ತೋಳು, ಹೊಟ್ಟೆ ಎಲ್ಲ ಕೆಂಪು. "ಆಸ್ಪತ್ರೆಗೆ ಹೋಗ್ಬರ್ತೀನಮ್ಮ" ಎಂದು ನೀನೇ ಹೊರಟಿದ್ದೆ. "ಯಾರದೋ ಕಣ್ಣು ಬಿದ್ದಿದೆ, ಕೂತ್ಕೋ" ಎಂದವಳು ನಾನು. ಮೂರು ದಿನ ಮಂತ್ರಿಸಿದೆ. ಸೊಪ್ಪು ಬಾಡಿತು, ಗಂಧೆ ಅಡಗಿತು, ನಿನ್ನ ಮುಂದೆ ಬೀಗಿದೆ. ಈಗ ನೀನು ಇಲ್ಲ ಎನ್ನುತ್ತಿರುವುದು ಯಾರ ಮಾನ ಉಳಿಸಲು ಎಂದು ನನಗೆ ತಿಳಿಯದೇ? ಇವತ್ತು ಬೆಳಿಗ್ಗೆ ಸಿಸೇರಾಳ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. "ಅವತ್ತು ಆಸ್ಪತ್ರೆಗೆ ಹೋಗಿದ್ರೂ ಅದಕ್ಕೆ ಔಷಧಿ ಇರ್ಲಿಲ್ಲಮ್ಮ, ಈಗ್ಲೂ ಇಲ್ಲ" ಅಂದಳು. ಇರಬಹುದು. ಆದರೂ ಹೋಗಬೇಡ ಎಂದದ್ದು ನನ್ನ ಬಾಯಿ. ಡಾಕ್ಟರು ಇನ್ನೊಮ್ಮೆ ಕೇಳಿದರೆ ಹೌದು ಅನ್ನು. ಕಣ್ಣಾರೆ ಕಂಡವರು ಯಾರು ಎಂದರೆ, ನನ್ನ ಅಮ್ಮ ಅನ್ನು.