ಹಾಜರಿ ಆ್ಯಪ್

ಅಕ್ರಾ, ಬುಧವಾರ

ಮಾನ್ಯ ಅಗ್ಬೆಕೊ ಮಾಸ್ತರರಿಗೆ ಸೆನಾಮ್ ಮಾಡುವ ವಂದನೆಗಳು.

ಶನಿವಾರ ನನ್ನ ಅಜ್ಜಿಯ ಅಂತ್ಯಕ್ರಿಯೆಯಲ್ಲಿ ಹಾಡುವವರ ಪಟ್ಟಿಯಿಂದ ನನ್ನ ಹೆಸರು ಬಿದ್ದುಹೋಗಿದೆ. ತೆಗೆದುಹಾಕಿದ್ದು ನಮ್ಮ ಚರ್ಚಿನ ಗಾಯನ ವೃಂದಕ್ಕೆಂದು ನಾನೇ ಬಿಡುವಿನಲ್ಲಿ ಬರೆದುಕೊಟ್ಟ ಹಾಜರಿ ಆ್ಯಪ್. ಮೂರು ತಾಲೀಮಿಗೆ ತಡವಾದವರು ಹಾಡುವಂತಿಲ್ಲ ಎಂಬ ನಿಯಮ ಮಾತ್ರ ವೃಂದವನ್ನು ನಡೆಸುವ ನಿಮ್ಮದು.

ತಡವಾದದ್ದು ನಿಜ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಯಿತು. ಸಂಜೆ ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮ ಮೇಲಿನವರು, “ಈ ಬಟನ್ ಬಣ್ಣ ಒಂದು ಬದಲಾಯಿಸಿ ಹೋಗಮ್ಮಾ” ಎನ್ನುತ್ತಾರೆ. ಮರುದಿನ ಅವರಿಗೆ ಹಳೆಯ ಬಣ್ಣವೇ ಬೇಕು. ಅಲ್ಲಿ ನಾನು ಬರೆದದ್ದು ಒಂದೂ ಜನರ ಕೈ ಸೇರಿಲ್ಲ. ಜನ ದಿನವೂ ಬಳಸುವ ನನ್ನ ಕೆಲಸವೆಂದರೆ ಈ ಆ್ಯಪ್ ಒಂದೇ, ಅದು ನನ್ನನ್ನೇ ಹೊರಗೆ ಹಾಕಿದೆ.

ನಿನ್ನೆ ತಾಲೀಮಿನಲ್ಲಿ ಕೇಳಿದಾಗ ನೀವು, “ನೀನೇ ಮಾಡಿದ್ದಲ್ವೇನಮ್ಮಾ? ಅದು ಬೇಡ ಅಂದ್ಮೇಲೆ ನಾನೇನ್ ಮಾಡ್ಲಿ?” ಎಂದಿರಿ. ಹಿಂದಿನ ಸಾಲಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಕೂತಲ್ಲಿಂದಲೇ ಆ್ಯಪಿನ ಒಂದು ಸಾಲು ತಿದ್ದಿ ನನ್ನ ಹೆಸರನ್ನು ಸೇರಿಸಿಕೊಳ್ಳಬಲ್ಲೆ. ಸೇರಿಸಿಕೊಂಡಿಲ್ಲ. ಕಳ್ಳದಾರಿಯಲ್ಲಿ ಬಂದು ಅಜ್ಜಿಯ ಮುಂದೆ ಹಾಡಲಾರೆ. ನೀವೇ ಕರೆಯಬೇಕು.

ಶನಿವಾರ ಕಪ್ಪು ಬಟ್ಟೆ ಉಟ್ಟು ಚರ್ಚಿನ ಬಾಗಿಲಲ್ಲಿ ನಿಂತಿರುತ್ತೇನೆ. ದಯವಿಟ್ಟು ಆ ಆ್ಯಪ್ ಇರುವ ಫೋನನ್ನು ಮನೆಯಲ್ಲೇ ಬಿಟ್ಟು ಬನ್ನಿ. ನಿಮಗೆ ಹಾಡು ಕಲಿಸಿದ ಅಜ್ಜಿ ನಮಗೆ ಆಗಾಗ ಹೇಳುತ್ತಿದ್ದಳು: “ಅಗ್ಬೆಕೊ ಒಂದು ದಿನಾನೂ ಹೊತ್ತಿಗೆ ಸರಿಯಾಗಿ ಬಂದೋನಲ್ಲ. ಬಾಗಿಲಲ್ಲಿ ನಿಂತಿರ್ತಿದ್ದ. ಬಾರೋ ಅಂತ ನಾನೇ ಒಳಗೆ ಕರ್ಕೋತಿದ್ದೆ.”

ಇಂತಿ,
ಸೆನಾಮ್